ಪ್ರಾಗ್‌ನ ಬಿಯರ್ ನಡಿಗೆ: ರಾತ್ರಿ ಹತ್ತರ ಗೆರೆ

ಜೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನ ನಗರಾಡಳಿತವು 2024ರ ಅಕ್ಟೋಬರ್‌ನಲ್ಲಿ ಅಚ್ಚರಿ ಮೂಡಿಸುವ ನಿರ್ಧಾರವೊಂದನ್ನು ಕೈಗೊಂಡಿತು. ಪ್ರವಾಸಿಗರನ್ನು ಗುಂಪುಗೂಡಿಸಿ ಒಂದು ಬಾರಿನಿಂದ ಇನ್ನೊಂದು ಬಾರಿಗೆ ಕರೆದೊಯ್ಯುವ ಸಂಘಟಿತ ‘ಪಬ್ ಕ್ರಾಲ್’ಗಳನ್ನು ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ ನಿಷೇಧಿಸಲು ತೀರ್ಮಾನಿಸಿತು. ತಲಾ ಬಿಯರ್ ಸೇವನೆಯಲ್ಲಿ 1990ರ ದಶಕದಿಂದ ಜಗತ್ತಿಗೇ ಮೊದಲ ಸ್ಥಾನದಲ್ಲಿರುವ ದೇಶದ ರಾಜಧಾನಿಯೇ ಇಂತಹ ಕಡಿವಾಣ ಹಾಕಿದ್ದು ಹಲವರ ಹುಬ್ಬೇರಿಸಿತು.

ಆದರೆ ಸಂಜೆಯ ಹೊತ್ತು ಮಾರ್ಗದರ್ಶಿಯೊಬ್ಬರ ಜೊತೆ ಸಣ್ಣ ಗುಂಪು ಮೂರು ನಾಲ್ಕು ಹಳೆಯ ಬಿಯರ್ ಮನೆಗಳನ್ನು ಸುತ್ತಿ ಬರುವ ನಡಿಗೆಗಳು ಈ ನಿಷೇಧದ ವ್ಯಾಪ್ತಿಗೆ ಬರಲಿಲ್ಲ. ಎರಡರಲ್ಲೂ ನಡಿಗೆಯಿದೆ, ಎರಡರಲ್ಲೂ ಬಿಯರ್ ಇದೆ. ಹೀಗಿದ್ದೂ ಒಂದಕ್ಕೆ ತಡೆ, ಇನ್ನೊಂದಕ್ಕೆ ಅವಕಾಶ ಏಕೆ? ಉತ್ತರ ತಿಳಿಯಬೇಕಾದರೆ ಪ್ರಾಗ್‌ನ ಬಿಯರ್ ಮನೆ ಎಂದರೇನು ಎಂಬುದನ್ನು ಮೊದಲು ಅರಿಯಬೇಕು.

ಬಡಾವಣೆಯ ಪಡಸಾಲೆ

ಜೆಕ್ ಭಾಷೆಯಲ್ಲಿ ಸಾಮಾನ್ಯ ಬಿಯರ್ ಮನೆಗೆ ‘ಹೊಸ್ಪೊದಾ’ ಎಂದು ಹೆಸರು. ಉದ್ದನೆಯ ಮರದ ಮೇಜುಗಳು, ಬೆಂಚುಗಳು, ಅರ್ಧ ಲೀಟರಿನ ಗಾಜಿನ ಲೋಟಗಳು, ಸರಳವಾದ ಊಟ ಇವಿಷ್ಟೇ ಅದರ ಸಾಮಗ್ರಿ. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆಗೆ ಯಾವ ಸ್ಥಾನವಿತ್ತೋ ಅಲ್ಲಿನ ಬಡಾವಣೆಗಳಲ್ಲಿ ಹೊಸ್ಪೊದಾಕ್ಕೆ ಬಹುಮಟ್ಟಿಗೆ ಅದೇ ಸ್ಥಾನ. ಕಾರ್ಮಿಕ, ಪ್ರಾಧ್ಯಾಪಕ, ನಿವೃತ್ತ ನೌಕರ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಫುಟ್‌ಬಾಲಿನಿಂದ ರಾಜಕೀಯದವರೆಗೆ ಹರಟುತ್ತಾರೆ. ಕಾಯಂ ಗಿರಾಕಿಗೆ ‘ಷ್ಟಾಮ್‌ಗಾಸ್ಟ್’ ಎಂಬ ಪ್ರತ್ಯೇಕ ಹೆಸರೇ ಇದೆ. ಅವನ ಮೇಜು ಯಾವುದು ಎಂಬುದು ಸಿಬ್ಬಂದಿಗೆ ಗೊತ್ತಿರುತ್ತದೆ.

1948ರಿಂದ 1989ರವರೆಗಿನ ಕಮ್ಯುನಿಸ್ಟ್ ಆಡಳಿತದಲ್ಲಿ, ಗುಪ್ತ ಪೊಲೀಸರ ಕಿವಿಗಳು ಇದ್ದರೂ ಜನ ಮಾತಿಗಾಗಿ ಸೇರುತ್ತಿದ್ದ ತಾಣಗಳಲ್ಲಿ ಇವೂ ಸೇರಿದ್ದವು. ಮುಂದೆ ದೇಶದ ಅಧ್ಯಕ್ಷರಾದ ನಾಟಕಕಾರ ವಾಸ್ಲಾವ್ ಹಾವೆಲ್ 1974ರಲ್ಲಿ ಟ್ರುಟ್ನೊವ್ ಪಟ್ಟಣದ ಬಿಯರ್ ಕಾರ್ಖಾನೆಯಲ್ಲಿ ಪೀಪಾಯಿ ಉರುಳಿಸುವ ಕೆಲಸ ಮಾಡಿದ್ದರು. ಅದೇ ಅನುಭವ ಮರುವರ್ಷ ಅವರ ‘ಆಡಿಯನ್ಸ್’ ನಾಟಕಕ್ಕೆ ವಸ್ತುವಾಯಿತು.

ಮೂರು ಬಾಗಿಲು, ಮೂರು ಕಥೆ

ಹಳೆಯ ಪ್ರಾಗ್‌ನಲ್ಲಿ ಸಂಜೆಯ ನಡಿಗೆಗೆ ಹೇಳಿ ಮಾಡಿಸಿದಂತಹ ಮೂರು ಮನೆಗಳು ಪರಸ್ಪರ ಕಾಲು ಗಂಟೆಯ ನಡಿಗೆಯ ಅಂತರದಲ್ಲಿವೆ. ಮೊದಲನೆಯದು ಯುಂಗ್‌ಮನ್ ಚೌಕದ ಬಳಿಯ ‘ಉ ಪಿಂಕಾಸೂ’, ಅಂದರೆ ‘ಪಿಂಕಾಸನ ಮನೆ’. ಇಲ್ಲಿನ ಕಥೆ ಆರಂಭವಾಗುವುದು ಪಶ್ಚಿಮದ ಪಿಲ್ಸೆನ್ ಪಟ್ಟಣದಲ್ಲಿ. 1838ರಲ್ಲಿ ಅಲ್ಲಿನ ನಾಗರಿಕರು ಹುಳಿಗಟ್ಟಿದ 36 ಪೀಪಾಯಿ ಬಿಯರನ್ನು ಬಹಿರಂಗವಾಗಿ ಬೀದಿಗೆ ಸುರಿದು ಪ್ರತಿಭಟಿಸಿದರು. ಅನಂತರ ಹೊಸ ಕಾರ್ಖಾನೆ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಕುಶಲಿಯನ್ನು ಕರೆಸಿದರು. ತಿಳಿ ಬಣ್ಣದ ಮಾಲ್ಟ್, ಪಿಲ್ಸೆನ್‌ನ ಮೃದು ನೀರು, ಝಾಟೆಟ್ಸ್ ಪ್ರದೇಶದ ಹಾಪ್ ಹೂವು ಇವುಗಳನ್ನು ಬಳಸಿ ಆತ 1842ರ ಅಕ್ಟೋಬರ್‌ನಲ್ಲಿ ಹೊನ್ನಿನ ಬಣ್ಣದ ಬಿಯರ್ ತಯಾರಿಸಿದ. ಇಂದು ಜಗತ್ತಿನಾದ್ಯಂತ ‘ಪಿಲ್ಸ್‌ನರ್’ ಎಂದು ಕರೆಯಲ್ಪಡುವ ಬಗೆಗೆ ಅದೇ ಮೂಲ. ಭಾರತದಲ್ಲಿ ಮಾರಾಟವಾಗುವ ತಿಳಿ ಬಣ್ಣದ ಲಾಗರ್ ಬಿಯರುಗಳೂ ಅದೇ ವಂಶದವು. ಯಾಕುಬ್ ಪಿಂಕಾಸ್ ಎಂಬ ದರ್ಜಿ ಈ ಬಿಯರನ್ನು ಪ್ರಾಗ್‌ಗೆ ತರಿಸಿ, ರುಚಿಗೆ ಮನಸೋತು ಹೊಲಿಗೆ ಬಿಟ್ಟು 1843ರಲ್ಲಿ ಬಿಯರ್ ಮನೆ ತೆರೆದ.

ಎರಡನೆಯದು ಕ್ರೆಮೆನ್ಸೊವಾ ಬೀದಿಯ ‘ಉ ಫ್ಲೆಕೂ’. ಇದರ ಇತಿಹಾಸ 1499ರಷ್ಟು ಹಿಂದಕ್ಕೆ ಹೋಗುತ್ತದೆ. ಇಲ್ಲಿ ತಯಾರಾಗುವ ಕಪ್ಪು ಲಾಗರ್ ಇಲ್ಲಿಯೇ ಖರ್ಚಾಗುತ್ತದೆ. ಅಕಾರ್ಡಿಯನ್ ವಾದನ, ವಿಶಾಲ ಸಭಾಂಗಣಗಳು, ಪ್ರವಾಸಿಗರ ನೂಕುನುಗ್ಗಲು ಎಲ್ಲವೂ ಇರುವುದರಿಂದ ಸ್ಥಳೀಯರು ಇತ್ತ ಸುಳಿಯುವುದು ಕಡಿಮೆ.

ಮೂರನೆಯದು ಹುಸೊವಾ ಬೀದಿಯಲ್ಲಿರುವ ‘ಚಿನ್ನದ ಹುಲಿ’. ಇದು ಕಾದಂಬರಿಕಾರ ಬೊಹುಮಿಲ್ ಹ್ರಬಲ್ ದಿನನಿತ್ಯ ಕೂರುತ್ತಿದ್ದ ಮನೆ. 1994ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರನ್ನು ಹಾವೆಲ್ ಇಲ್ಲಿಗೇ ಕರೆತಂದು ಹ್ರಬಲ್ ಜೊತೆ ಕೂರಿಸಿದ್ದರು. ಆದರೂ ಮನೆ ತನ್ನ ರೀತಿ ಬಿಟ್ಟಿಲ್ಲ. ಮಧ್ಯಾಹ್ನ ಬಾಗಿಲು ತೆರೆಯುವ ಮೊದಲೇ ಹೊರಗೆ ಜನ ನಿಂತಿರುತ್ತಾರೆ. ಸಂಜೆಯ ವೇಳೆಗೆ ಮೇಜುಗಳು ಕಾಯಂ ಗಿರಾಕಿಗಳ ಪಾಲಾಗಿರುತ್ತವೆ. ದೊಡ್ಡ ಗುಂಪಿಗೆ ಇಲ್ಲಿ ಜಾಗ ಸಿಗುವುದು ದುರ್ಲಭ. ಅರಿವುಳ್ಳ ಮಾರ್ಗದರ್ಶಿ ಬಾಗಿಲ ಬಳಿ ನಿಂತು ಕಥೆ ಹೇಳಿ ಮುಂದೆ ಸಾಗುತ್ತಾನೆ. ಹೊರಗೆ ನಿಲ್ಲುವುದೂ ಸೌಜನ್ಯವೇ ಎಂಬುದು ಈ ಸಂಜೆಯ ಮುಖ್ಯ ಪಾಠಗಳಲ್ಲೊಂದು.

ಲೋಟದ ವ್ಯಾಕರಣ

ಮಾರ್ಗದರ್ಶಿಯ ಕೆಲಸ ದಾರಿ ತೋರಿಸುವುದಷ್ಟೇ ಅಲ್ಲ. ಬಿಯರ್ ಪಟ್ಟಿಯಲ್ಲಿ ಕಾಣುವ 10 ಡಿಗ್ರಿ, 12 ಡಿಗ್ರಿ ಎಂಬ ಅಂಕಿಗಳನ್ನು ನೋಡಿ ಹೊಸಬರು ಅದನ್ನು ಮದ್ಯಸಾರದ ಪ್ರಮಾಣವೆಂದು ಭಾವಿಸಿ ಬೆಚ್ಚುವುದುಂಟು. ಹುದುಗು ಬರುವ ಮೊದಲು ದ್ರಾವಣದಲ್ಲಿ ಶೇಕಡಾ ಎಷ್ಟು ತೂಕದಷ್ಟು ಮಾಲ್ಟಿನ ಸಕ್ಕರೆ ಮತ್ತಿತರ ಸಾರ ಕರಗಿತ್ತು ಎಂಬುದನ್ನು ಈ ಅಂಕಿ ಸೂಚಿಸುತ್ತದೆ. ಈ ಅಳತೆಯನ್ನು 19ನೇ ಶತಮಾನದಲ್ಲಿ ರೂಪಿಸಿದವರು ಪ್ರಾಗ್‌ನ ರಸಾಯನಶಾಸ್ತ್ರಜ್ಞ ಕಾರ್ಲ್ ಬಾಲಿಂಗ್. ಸಾಮಾನ್ಯವಾಗಿ 10 ಡಿಗ್ರಿಯ ಬಿಯರಿನಲ್ಲಿ ಶೇ. 4ರ ಆಸುಪಾಸು, 12 ಡಿಗ್ರಿಯದರಲ್ಲಿ ಶೇ. 5ರ ಆಸುಪಾಸು ಮದ್ಯಸಾರ ಇರುತ್ತದೆ.

ನೊರೆಯನ್ನು ಅಲ್ಲಿ ಯಾರೂ ಮೋಸವೆಂದು ಭಾವಿಸುವುದಿಲ್ಲ. ಗಾಳಿ ತಾಗಿ ರುಚಿ ಕೆಡದಂತೆ ಅದು ಕಾಯುತ್ತದೆ ಎಂಬುದು ನಂಬಿಕೆ. ದಪ್ಪ ನೊರೆಯ ಟೊಪ್ಪಿಯುಳ್ಳ ಪೂರ್ಣ ಲೋಟ ‘ಹ್ಲಾದಿಂಕಾ’. ಅರ್ಧ ಲೀಟರಿನ ಲೋಟದಲ್ಲಿ ಬಿಯರ್‌ಗಿಂತ ನೊರೆಯೇ ಹೆಚ್ಚಿದ್ದರೆ ‘ಷ್ನಿಟ್’. ಬಹುತೇಕ ನೊರೆಯೇ ತುಂಬಿದ್ದರೆ ‘ಮ್ಲೀಕೊ’, ಅಂದರೆ ಹಾಲು. ಒಂದೇ ಪೀಪಾಯಿಯ ಬಿಯರ್ ಸುರಿಯುವವನ ಕೈಚಳಕದಿಂದ ಮೂರು ರೂಪ ತಾಳುತ್ತದೆ.

ಲೆಕ್ಕವೂ ಸರಳ. ಮೇಜಿನ ಮೇಲಿಟ್ಟ ಚೀಟಿಯ ಮೇಲೆ ಮಾಣಿ ಪ್ರತಿ ಲೋಟಕ್ಕೊಂದು ಪೆನ್ಸಿಲ್ ಗೀಟು ಎಳೆಯುತ್ತಾನೆ. ಅನೇಕ ಹಳೆಯ ಮನೆಗಳಲ್ಲಿ ಲೋಟ ಖಾಲಿಯಾಗುತ್ತಿದ್ದಂತೆ ಕೇಳದೆಯೇ ಮತ್ತೊಂದು ಬರುತ್ತದೆ. ಸಾಕೆನಿಸಿದಾಗ ಸ್ಪಷ್ಟವಾಗಿ ಹೇಳಬೇಕು. ವಾಹನ ಚಾಲಕರ ರಕ್ತದಲ್ಲಿ ಮದ್ಯಸಾರದ ಲವಲೇಶವನ್ನೂ ಜೆಕ್ ಕಾನೂನು ಸಹಿಸದು. ನಡಿಗೆಯೇ ಸೂಕ್ತವೆನ್ನಲು ಇದೂ ಒಂದು ಕಾರಣ.

ಮನೆಗಳಿಗೆ ಕಷ್ಟಕಾಲ

ಇಷ್ಟೆಲ್ಲ ಖ್ಯಾತಿಯ ನಡುವೆಯೂ ಹೊಸ್ಪೊದಾಗಳ ಸ್ಥಿತಿ ಚೆನ್ನಾಗಿಲ್ಲ. 2005ರ ಸುಮಾರಿಗೆ 160 ಲೀಟರಿಗೂ ಮೇಲಿದ್ದ ತಲಾ ವಾರ್ಷಿಕ ಬಿಯರ್ ಬಳಕೆ 2023ರಲ್ಲಿ 128 ಲೀಟರಿಗೆ ಇಳಿದಿತ್ತು. ಅದರಲ್ಲೂ ಅಂಗಡಿಯಲ್ಲಿ ಬಾಟಲಿ, ಡಬ್ಬಿ ಕೊಂಡು ಮನೆಯಲ್ಲೇ ಕುಡಿಯುವವರ ಪಾಲೇ ಈಗ ಹೆಚ್ಚು. 2017ರ ಮೇ ಅಂತ್ಯದಲ್ಲಿ ಧೂಮಪಾನ ನಿಷೇಧ ಬಂದಿತು. 2020 ಮತ್ತು 2021ರಲ್ಲಿ ಕೋವಿಡ್ ಬೀಗ ಬಿತ್ತು. 2024ರ ಜನವರಿಯಿಂದ ಸುರಿದು ಕೊಡುವ ಬಿಯರಿನ ಮೇಲಿನ ಮೌಲ್ಯವರ್ಧಿತ ತೆರಿಗೆ ಶೇ. 10ರಿಂದ ಶೇ. 21ಕ್ಕೆ ಏರಿತು.

ಇಂತಹ ಹೊತ್ತಿನಲ್ಲಿ ಪ್ರವಾಸಿ ಆಸರೆಯೂ ಹೌದು, ಅಪಾಯವೂ ಹೌದು. ಅವನ ಹಣ ಬಾಗಿಲನ್ನು ತೆರೆದಿಡುತ್ತದೆ. ಆದರೆ ಬೆಲೆ ಏರಿ, ಗದ್ದಲ ಹೆಚ್ಚಿದರೆ ಷ್ಟಾಮ್‌ಗಾಸ್ಟ್ ಮೇಜು ಬಿಟ್ಟು ಹೋಗುತ್ತಾನೆ. ಅವನು ಹೋದ ಮೇಲೆ ನೋಡಲು ಬಂದವರಿಗೆ ಉಳಿಯುವುದು ಮರದ ಬೆಂಚುಗಳು ಮಾತ್ರ. ಸಣ್ಣ ಗುಂಪು, ಮಿತ ಕುಡಿತ, ತಗ್ಗಿದ ದನಿ ಎಂಬ ಮಾರ್ಗದರ್ಶಿಯ ನಿಯಮಗಳಿಗೆ ಅರ್ಥ ಬರುವುದು ಇಲ್ಲಿಯೇ.

ಹತ್ತು ಗಂಟೆ ಏಕೆ?

ಜೆಕ್ ಕಾನೂನಿನ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ‘ರಾತ್ರಿಯ ಶಾಂತಿ’ಯ ಅವಧಿ. ಪ್ರಾಗ್‌ನ ಐತಿಹಾಸಿಕ ಕೇಂದ್ರ 1992ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಆದರೆ ಅದು ವಸ್ತುಸಂಗ್ರಹಾಲಯವಲ್ಲ, ಅಲ್ಲಿ ಜನ ಸಂಸಾರ ನಡೆಸುತ್ತಾರೆ. ದ್ಲೌಹಾ ಬೀದಿಯಂತಹ ಕಡೆ ಮಧ್ಯರಾತ್ರಿಯ ಕೂಗಾಟ, ಮನೆ ಬಾಗಿಲಲ್ಲೇ ಮೂತ್ರ, ಬೆಳಗಾದರೆ ಒಡೆದ ಗಾಜು ಇವುಗಳ ಬಗ್ಗೆ ನಿವಾಸಿಗಳು ವರ್ಷಗಟ್ಟಲೆ ದೂರುತ್ತಾ ಬಂದಿದ್ದರು. ಕುಡಿದು ಮತ್ತೇರಿಸಿಕೊಳ್ಳುವುದಕ್ಕೆಂದೇ ಬರುವ ಪ್ರವಾಸಿಗಳಿಗಿಂತ ನಗರದ ಸಂಸ್ಕೃತಿ ಅರಿಯಲು ಬರುವವರು ತನಗೆ ಬೇಕು ಎಂಬುದು ನಗರಾಡಳಿತದ ವಾದವಾಗಿತ್ತು.

ನಿಷೇಧಕ್ಕೆ ಮಿತಿಗಳೂ ಇವೆ. ಅದು ಬಾರುಗಳನ್ನು ಮುಚ್ಚಿಸುವುದಿಲ್ಲ. ತಮ್ಮಷ್ಟಕ್ಕೆ ತಾವು ಗುಂಪಾಗಿ ಸುತ್ತುವ ಗೆಳೆಯರನ್ನೂ ತಡೆಯುವುದಿಲ್ಲ. ಹಣ ಪಡೆದು ರಾತ್ರಿ ತಿರುಗಾಟ ನಡೆಸುವವರಷ್ಟೇ ಅದರ ಗುರಿ. ಮುಂದಾಳು ಇಲ್ಲದ ಗುಂಪು ಇನ್ನಷ್ಟು ಗದ್ದಲ ಮಾಡಲಾರದೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ಬೇರೆಯವರ ನಿದ್ದೆ ಕೆಡಿಸಿ ಲಾಭ ಮಾಡುವ ವ್ಯವಹಾರಕ್ಕೆ ನಗರ ಅನುಮತಿ ಕೊಡದು ಎಂಬ ಸಂದೇಶ ಅದರಲ್ಲಿ ಸ್ಪಷ್ಟವಾಗಿದೆ.

ಈ ಚರ್ಚೆ ಕರ್ನಾಟಕಕ್ಕೆ ಅಪರಿಚಿತವಲ್ಲ. ಬೆಂಗಳೂರಿನ ಇಂದಿರಾನಗರದ ನಿವಾಸಿಗಳು ಪಬ್‌ಗಳ ಸದ್ದಿನ ವಿರುದ್ಧ ಹೈಕೋರ್ಟಿನ ಮೆಟ್ಟಿಲೇರಿದ್ದುಂಟು. ಭಾರತದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳೂ ರಾತ್ರಿಯ ವೇಳೆ ಎಂದು ಗುರುತಿಸಿರುವುದು ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯನ್ನೇ. ಎರಡು ನಗರಗಳಿಗೂ ಗಡಿಯಾರದ ಗೆರೆ ಒಂದೇ. ಆ ಗೆರೆಯ ಈಚೆಗೆ ಸಂಜೆಯನ್ನು ಸವಿಯುವ ಹಕ್ಕು ಅತಿಥಿಗಿದೆ. ಆಚೆಗೆ, ಬಾರಿನ ಮೇಲಂತಸ್ತಿನಲ್ಲಿ ಮಲಗಿರುವವರ ನಿದ್ದೆಯ ಹಕ್ಕೇ ದೊಡ್ಡದು.