ಜಾತ್ರೆಗೆ ಒಯ್ಯುವ ಸ್ಟೋವ್

ಬನದ ಹುಣ್ಣಿಮೆಗೆ ನಾವು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತೇವೆ. ಅಲ್ಲೇ ಬಿಡಾರ ಹೂಡುತ್ತೇವೆ. ಅಲ್ಲೇ ಅಡಿಗೆ, ಅಲ್ಲೇ ಊಟ. ಜೊತೆಗೆ ಯಾವ ಸ್ಟೋವ್ ಒಯ್ಯಬೇಕು?

ಬತ್ತಿ ಸ್ಟೋವ್ ಹಗುರ. ಆದರೆ ಗಾಳಿ ಬೀಸಿದರೆ ಉರಿ ಓಲಾಡುತ್ತದೆ. ಪಂಪ್ ಸ್ಟೋವಿನ ಉರಿ ಜೋರು. ಅದಕ್ಕೆ ಪಿನ್ನು ಬೇಕು. ತೂತು ಕಟ್ಟಿತು, ಪಿನ್ನು ಮನೆಯಲ್ಲೇ ಉಳಿಯಿತು ಅಂದರೆ ಉಪವಾಸವೇ! ಈಗ ಚಿಮಣಿ ಎಣ್ಣೆ ಸಿಗುವುದೂ ಕಷ್ಟ. ಅದಕ್ಕೇ ಬಹಳ ಜನ 5 ಕಿಲೋದ ಸಣ್ಣ ಸಿಲಿಂಡರ್ ಒಯ್ಯುತ್ತಾರೆ. ನಮಗೂ ಅದೇ ಮೇಲು ಅನಿಸುತ್ತದೆ. ಅದನ್ನು ಸಮನೆಲದ ಮೇಲೆ ನಿಲ್ಲಿಸಬೇಕು. ಮಲಗಿಸಬಾರದು. ಸೋರಿದ ಗ್ಯಾಸು ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಡುತ್ತದೆ. ವಾಸನೆ ಬಂದರೆ ಕಡ್ಡಿ ಗೀರಬೇಡಿ.

ನಮ್ಮ ಕಲಿಕಾ ಕೇಂದ್ರದ ಅಕ್ಕ ಒಬ್ಬರು ಉರಿಯುವ ಸ್ಟೋವಿಗೇ ಎಣ್ಣೆ ಸುರಿದರು. ಸೆರಗು ಹತ್ತಿತು. ಅವರ ಕೈಮೇಲೆ ಇನ್ನೂ ಕಲೆ ಇದೆ. ಸ್ಟೋವ್ ಆರಿಸಿ, ತಣ್ಣಗಾದ ಮೇಲೆ ಎಣ್ಣೆ ಹಾಕಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ.

ರಾತ್ರಿ ಗುಡ್ಡದ ಮೇಲೆ ಚಳಿ. ಮಕ್ಕಳು ನಡುಗುತ್ತವೆ. ಸ್ಟೋವ್ ಒಳಗಿಟ್ಟು ತಾಡಪತ್ರಿ ಮುಚ್ಚೋಣ ಅನಿಸುತ್ತದೆ. ಬೇಡ, ತಾಯಿ! ಮುಚ್ಚಿದ ಜಾಗದಲ್ಲಿ ಬೆಂಕಿ ಉರಿದರೆ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ವಾಂತಿ, ಮಂಪರು. ಮಲಗಿದವರು ಏಳದೇ ಹೋಗಬಹುದು. ಕೆಂಡದ ಬುಟ್ಟಿಯೂ ಹೀಗೆಯೇ. ತಲೆ ನೋಯ್ದರೆ ಎಲ್ಲರನ್ನೂ ಎಬ್ಬಿಸಿ ಹೊರಗೆ ಬನ್ನಿ. ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಚಳಿಗೆ ಇನ್ನೊಂದು ಕೌದಿ ಒಯ್ಯಿರಿ. ಬಂಡಿಯಲ್ಲಿ ಜಾಗ ಇದ್ದೇ ಇರುತ್ತದೆ.