ಮರವೆಯ ಯಂತ್ರಕ್ಕೊಂದು ಗುರುತಿನ ಬಿಲ್ಲೆ

ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನ ವ್ಯವಹಾರ, ಪಹಣಿಯ ನಕಲು ಇವೆಲ್ಲವೂ ಇಂದು ಅಂತರ್ಜಾಲದ ಮೂಲಕ ನಡೆಯುತ್ತಿವೆ. ಊರಿನ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸ ಮುಗಿದೊಡನೆ ಪುಟವನ್ನು ಮುಚ್ಚಿ ಎದ್ದುಬರುವುದು ಅನೇಕರಿಗೆ ರೂಢಿ. ಪುಟ ಮುಚ್ಚಿದ ಮಾತ್ರಕ್ಕೆ ನಾವು ತೆರೆದ ಖಾತೆಯೂ ಮುಚ್ಚಿತೆಂದು ಭಾವಿಸಲಾಗದು. ಅದೇಕೆಂಬುದನ್ನು ಸದ್ಭಕ್ತರು ಅರಿತಿರುವುದು ಲೇಸು.

ಅಂತರ್ಜಾಲದ ಪುಟಗಳನ್ನು ತಂದುಕೊಡುವ ಎಚ್.ಟಿ.ಟಿ.ಪಿ. ಎಂಬ ನಿಯಮಾವಳಿಯು ಸ್ವಭಾವತಃ ಮರವೆಯುಳ್ಳದ್ದು. ಈಗ ಒಂದು ಪುಟ ಕೇಳಿದವರೇ ಮರುಕ್ಷಣ ಇನ್ನೊಂದನ್ನು ಕೇಳುತ್ತಿದ್ದಾರೆಂಬುದು ಅದಕ್ಕೆ ತಿಳಿಯದು. ಈ ಕೊರತೆಯನ್ನು ನೀಗಲು 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯ ತಂತ್ರಜ್ಞ ಲೂ ಮಾಂಟುಲಿಯವರು ‘ಕುಕಿ’ ಎಂಬ ಉಪಾಯವನ್ನು ರೂಪಿಸಿದರು.

ಜಾತ್ರೆಯಲ್ಲಿ ಪಾದರಕ್ಷೆ ಕಾಯುವವರು ನಮಗೊಂದು ಅಂಕಿಯ ಬಿಲ್ಲೆ ಕೊಡುವರಷ್ಟೆ. ಸರ್ವರಿನ ಕ್ರಮವೂ ಅದೇ. ಪಾಸ್‌ವರ್ಡನ್ನು ಒಮ್ಮೆ ಪರೀಕ್ಷಿಸಿ, ಊಹೆಗೆ ನಿಲುಕದ ದೀರ್ಘ ಸಂಕೇತವೊಂದನ್ನು ಕುಕಿಯ ರೂಪದಲ್ಲಿ ನಮ್ಮ ಬ್ರೌಸರಿಗೆ ಒಪ್ಪಿಸುತ್ತದೆ. ನಮ್ಮ ವಿವರಗಳು ಸರ್ವರಿನಲ್ಲಿಯೇ ಉಳಿಯುತ್ತವೆ. ಮುಂದಿನ ಪ್ರತಿಯೊಂದು ಕೋರಿಕೆಯೊಡನೆ ಆ ಸಂಕೇತವೇ ಹೋಗಿ ನಮ್ಮ ಗುರುತು ಹೇಳುತ್ತದೆ. ಈ ಅವಧಿಗೆ ‘ಸೆಷನ್’ ಎಂದು ಹೆಸರು. ಬಿಲ್ಲೆ ತಂದವರಿಗೆ ಮುಖ ನೋಡದೆ ಪಾದರಕ್ಷೆ ಕೊಡುವಂತೆ, ಸಂಕೇತ ತಂದವರನ್ನು ಸರ್ವರ್ ನಾವೆಂದೇ ನಂಬುತ್ತದೆ. ಅಪಾಯವಿರುವುದು ಇಲ್ಲಿಯೇ.

2010ರಲ್ಲಿ ಎರಿಕ್ ಬಟ್ಲರ್ ಎಂಬ ಅಮೆರಿಕದ ತಂತ್ರಜ್ಞರು ‘ಫೈರ್‌ಶೀಪ್’ ಎಂಬ ಸಾಧನದಿಂದ ಇದನ್ನು ಲೋಕಕ್ಕೆ ತೋರಿಸಿದರು. ಬೀಗವಿಲ್ಲದ ವೈಫೈನಲ್ಲಿ ಗೂಢಲಿಪಿಯ ರಕ್ಷಣೆಯಿಲ್ಲದೆ ಸಾಗುವ ಕುಕಿಯನ್ನು ಹಿಡಿದರೆ, ಪಾಸ್‌ವರ್ಡ್ ಅರಿಯದೆಯೇ ಪರರ ಖಾತೆಯನ್ನು ಹೊಗಬಹುದಾಗಿತ್ತು. ಮುಂದಿನ ವರ್ಷಗಳಲ್ಲಿ ದೊಡ್ಡ ತಾಣಗಳು ಎಲ್ಲ ಪುಟಗಳಿಗೂ ಗೂಢಲಿಪಿಯುಳ್ಳ ಎಚ್.ಟಿ.ಟಿ.ಪಿ.ಎಸ್. ವಿಧಾನವನ್ನು ಅಳವಡಿಸಿಕೊಂಡವು.

ನಮ್ಮ ಸಮಾಜದ ತರುಣರು ಅನೇಕರು ಈ ತಂತ್ರಾಂಶಗಳನ್ನು ರಚಿಸುವ ಕಾಯಕದಲ್ಲಿದ್ದಾರೆ. ಪಾಸ್‌ವರ್ಡ್ ಒಪ್ಪಿದೊಡನೆ ಹಳೆಯ ಸಂಕೇತವನ್ನು ತೊರೆದು ಹೊಸದನ್ನು ಕೊಡುವುದು, ಬಳಕೆಯಿಲ್ಲದೆ ಕೆಲವು ನಿಮಿಷ ಕಳೆದರೆ ಸೆಷನ್ನನ್ನು ಮುಗಿಸುವುದು, ಲಾಗ್ ಔಟ್ ಆದಾಗ ಸರ್ವರಿನಲ್ಲಿಯೂ ಅದನ್ನು ಅಳಿಸುವುದು ಅವರ ಧರ್ಮ. ಪರರು ನಂಬಿ ಒಪ್ಪಿಸಿದ್ದನ್ನು ಕಾಯುವುದೂ ಕಾಯಕದ ಶುದ್ಧಿಯೇ ಸರಿ.

ಗೃಹಸ್ಥರು ಮಾಡಬೇಕಾದುದು ಅಲ್ಪ. ಅನ್ಯರ ಯಂತ್ರದಲ್ಲಿ ‘ನನ್ನನ್ನು ನೆನಪಿಡು’ ಎಂಬ ಸೂಚನೆಯನ್ನು ಒಪ್ಪದಿರಿ. ಏಳುವ ಮುನ್ನ ‘ಲಾಗ್ ಔಟ್’ ಒತ್ತಿರಿ. ಬಿಲ್ಲೆಯನ್ನು ಹಿಂದಿರುಗಿಸುವ ಕ್ರಮವಿದು. ಮನೆಯ ಹಿರಿಯರು ಇದನ್ನು ಮಕ್ಕಳಿಗೆ ತಿಳಿಹೇಳಿ, ತಾವೂ ಪಾಲಿಸಲಿ. ಅರಿವು ಆಚಾರಕ್ಕಿಳಿದಾಗಲೇ ಅದು ನಮ್ಮನ್ನು ಕಾಯುತ್ತದೆ.