ಎರಡು ಬಿಂಬ, ಒಂದು ಮುಖ

ರುದ್ರಪಟ್ಟಣದ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ದೊಡ್ಡಮ್ಮನವರು ಕುಳಿತಿರುವ ಚಿತ್ರವೊಂದು ನನ್ನಲ್ಲಿದೆ. ಅವರ ಬೆನ್ನ ಹಿಂದಿನ ಕಂಬದ ಬಿರುಕುಗಳನ್ನು ಒಂದೊಂದಾಗಿ ಎಣಿಸಬಹುದು. ಅವರ ಮುಖ ಮಾತ್ರ ಹೊಗೆಯಲ್ಲಿ ಕಂಡಂತೆ ಮಸುಕಾಗಿದೆ. “ಏನೋ, ನನಗಿಂತ ಕಂಬವೇ ಚೆಂದ ಕಂಡಿತೇ?” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಅವರಿಗೆ ಆಗ ಎಂಬತ್ತೊಂಬತ್ತು ವರ್ಷ.

ಕ್ಯಾಮರಾ ನಮ್ಮ ಸೋದರಮಾವನವರದು. ಅವರ ಕಾಲಾನಂತರ ಬಹುಕಾಲ ಪೆಟ್ಟಿಗೆಯಲ್ಲಿ ಮಲಗಿದ್ದುದು. ಈ ಜಾತಿಯ ಯಂತ್ರದಲ್ಲಿ ನೋಡುವ ಕಣ್ಣು ಬೇರೆ, ಚಿತ್ರ ಹಿಡಿಯುವ ಕಣ್ಣು ಬೇರೆ. ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂದಾಗ ದೂರವನ್ನು ಬೇರೆಯಾಗಿ ಅಳೆದೋ ಅಂದಾಜು ಮಾಡಿಯೋ ಮಸೂರವನ್ನು ತಿರುಗಿಸಬೇಕಾಗಿತ್ತು. 1932ರಲ್ಲಿ ಬಂದ ಲೈಕಾದ ಎರಡನೆಯ ಮಾದರಿಯೂ ಕಾಂಟ್ಯಾಕ್ಸೂ ದೂರಮಾಪಕವನ್ನು ಮಸೂರಕ್ಕೇ ಜೋಡಿಸಿದವು. ಎರಡು ಕಿಟಕಿಗಳಿಂದ ಎರಡು ಬಿಂಬಗಳು ಒಳಬರುತ್ತವೆ. ಮಸೂರದ ಉಂಗುರವನ್ನು ತಿರುಗಿಸಿದಾಗ ಒಳಗಿನ ಸನ್ನೆಯೊಂದು ಸರಿದು, ಒಂದು ಬಿಂಬವನ್ನು ಇನ್ನೊಂದರ ಮೇಲಕ್ಕೆ ತರುತ್ತದೆ. ಎರಡೂ ಕೂಡಿದರೆ ದೂರ ಸರಿಯಾಯಿತೆಂದು ಅರ್ಥ. ಆದರೆ ಈ ಮಾಪಕವೇ ಹುಸಿ ನುಡಿದರೆ, ನೋಡುವವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ; ಫಿಲ್ಮ್ ತೊಳೆದ ಮೇಲಷ್ಟೇ ಮೋಸ ತಿಳಿಯುವುದು.

ಬಿಸಿಲಿನಲ್ಲಿ ತೆಗೆದ ಚಿತ್ರಗಳು ಚೆನ್ನಾಗಿಯೇ ಬಂದಿದ್ದವು. ಅಲ್ಲಿ ದ್ಯುತಿರಂಧ್ರವನ್ನು 16ಕ್ಕೆ ಕಿರಿದುಗೊಳಿಸಿದ್ದೆ. ಕಿರಿದಾದ ರಂಧ್ರ ಸಣ್ಣ ತಪ್ಪುಗಳನ್ನು ಮುಚ್ಚಿಕೊಳ್ಳುತ್ತದೆ. ಜಗಲಿಯ ಮಬ್ಬಿನಲ್ಲಿ ಅದನ್ನು ಅಗಲಿಸಿದಾಗ ತಪ್ಪು ಬಯಲಾಯಿತು.

ನಾನು ಆತುರದಿಂದ ತಿರುಪುಳಿ ಹಿಡಿದು ಕುಳಿತೆ. ದೊಡ್ಡಮ್ಮನವರು ನೋಡುತ್ತಿದ್ದರು. ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ, ತಂಬೂರಿಯ ಆಕಾರದಲ್ಲೇ ಒಂದು ಮಂದಿರವನ್ನು ಕಟ್ಟಿಕೊಂಡ ಈ ಕಾವೇರಿತೀರದ ಊರಿನಲ್ಲಿ ಶ್ರುತಿಯ ಮಾತು ಎಲ್ಲರಿಗೂ ಬರುತ್ತದೆ. “ತಂಬೂರಿಯ ನಡುವಿನ ಎರಡು ತಂತಿ ಒಂದಕ್ಕೊಂದು ಸೇರದಿದ್ದರೆ, ಮೊದಲು ಯಾವುದು ಸರಿ ಅಂತ ತಿಳಿದುಕೋ. ಎರಡನ್ನೂ ತಿರುಗಿಸಿದರೆ ಎರಡೂ ಕೆಡುತ್ತವೆ” ಎಂದರು.

ನಾನು ತಿರುಪುಳಿಯನ್ನು ಕೆಳಗಿಟ್ಟೆ. ಕ್ಯಾಮರಾದ ಬೆನ್ನು ತೆಗೆದು, ಫಿಲ್ಮ್ ಕೂರುವ ಕಂಬಿಗಳ ಮೇಲೆ ಉಜ್ಜಿದ ಗಾಜಿನ ತುಂಡನ್ನಿಟ್ಟು, ಷಟರನ್ನು ತೆರೆದೇ ನಿಲ್ಲಿಸಿದೆ. ಟೇಪಿನಿಂದ ಅಳೆದು 1.5 ಮೀಟರ್ ದೂರದಲ್ಲಿ ದೀಪವಿಟ್ಟೆ. ಉಂಗುರವನ್ನೂ ಅದೇ ಅಂಕೆಗೆ ತಂದೆ. ಗಾಜಿನ ಮೇಲೆ ತಲೆಕೆಳಗಾದ ಜ್ವಾಲೆ ಸ್ಫುಟವಾಗಿ ಮೂಡಿತು. ಮಸೂರ ಸತ್ಯವಂತ. ಆದರೆ ದೂರಮಾಪಕದಲ್ಲಿ ಎರಡು ಜ್ವಾಲೆಗಳು ಒಂದಾದುದು ಉಂಗುರ 2 ಮೀಟರಿಗೆ ಬಂದಾಗ. ಅಂದು ಕಂಬವಿದ್ದುದೂ ಅಷ್ಟೇ ದೂರದಲ್ಲಿ!

ಹೊರಗೆ ಬಂದು, ಒಂದು ಕಿಲೋಮೀಟರಿಗೂ ಆಚೆಯ ಮರವೊಂದನ್ನು ನೋಡಿದೆ. ಉಂಗುರ ಅನಂತದ ಗುರುತನ್ನು ಮುಟ್ಟಿ ನಿಂತರೂ ಮರ ಎರಡಾಗಿಯೇ ಉಳಿಯಿತು. ದೂರಮಾಪಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ತಂಬೂರಿಯ ಮಣಿಯನ್ನು ಸರಿಸುವುದೂ ಅಷ್ಟೇ ಅಲ್ಲವೇ? ಎರಡು ಮರಗಳು ಒಂದಾದವು. ದೀಪದ ಬಳಿ ಮರಳಿ ಪರೀಕ್ಷಿಸಿದೆ, ಈಗ 1.5 ಮೀಟರ್ ಎಂದೇ ತೋರಿತು. ದೂರದಲ್ಲಿ ಸರಿಯಾಗಿ, ಹತ್ತಿರದಲ್ಲಿ ತಪ್ಪಿದ್ದರೆ ದೋಷ ಸನ್ನೆಯಲ್ಲಿದೆ ಎಂದು ತಿಳಿದು, ಅದನ್ನು ಬಲ್ಲವರ ಕೈಗೆ ಕೊಡಬೇಕಾಗುತ್ತಿತ್ತು.

ದೊಡ್ಡಮ್ಮನವರನ್ನು ಮತ್ತೆ ಅದೇ ಜಗಲಿಯಲ್ಲಿ ಕೂರಿಸಿದೆ. ಈ ಬಾರಿ ಕಂಬ ಮಸುಕಾಯಿತು. ಅವರ ಹುಬ್ಬಿನ ಬಿಳಿಗೂದಲು ಕೂಡ ಎದ್ದು ಕಂಡಿತು. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, “ಸುಕ್ಕೆಲ್ಲಾ ಕಾಣುತ್ತದಲ್ಲೋ! ಮೊದಲಿನದೇ ವಾಸಿಯಾಗಿತ್ತು” ಎಂದರು.

ಮರುವರ್ಷ ಅವರು ತೀರಿಕೊಂಡರು. ಗೋಡೆಯ ಮೇಲೆ ಈಗ ಇರುವುದು ಆ ಎರಡನೆಯ ಚಿತ್ರ. ಮೊದಲನೆಯದನ್ನೂ ನಾನು ಎಸೆದಿಲ್ಲ. ಕ್ಯಾಮರಾದ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.